ನಿಮ್ಮ ಹೆಸರಲ್ಲಿ ಬೇರೆಯವರ ಸಾಲ: ತಡೆಯುವುದು ಹೇಗೆ, ಬಿಡಿಸಿಕೊಳ್ಳುವುದು ಹೇಗೆ?

2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಹಲವರ ಖಾತೆಯಿಂದ ಇದ್ದಕ್ಕಿದ್ದಂತೆ ಹಣ ಹೋಯಿತು. ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಆದರೆ ಅವರಲ್ಲಿ ಅನೇಕರು ಸ್ವಲ್ಪ ದಿನ ಮುಂಚೆ ಆಸ್ತಿ ನೋಂದಣಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದಿದ್ದರು. ನೋಂದಣಿ ಪತ್ರದಲ್ಲಿದ್ದ ಬೆರಳಚ್ಚನ್ನೇ ಕಳ್ಳರು ನಕಲು ಮಾಡಿದ್ದರು. ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಗೆ ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳಚ್ಚು ಇದ್ದರೆ ಆಯಿತು. ಒಟಿಪಿ ಬೇಕೇ ಇಲ್ಲ.

‘ಒಟಿಪಿ ಯಾರಿಗೂ ಹೇಳಬೇಡಿ’ ಅನ್ನುವ ಮಾತು ನಮಗೆಲ್ಲ ಬಾಯಿಪಾಠ. ಗುರುತಿನ ಕಳ್ಳತನ, ಅಂದರೆ ನಿಮ್ಮ ದಾಖಲೆ ಬಳಸಿ ಬೇರೆಯವರು ಹಣ ತೆಗೆಯುವುದನ್ನು, ಸಾಲ ಪಡೆಯುವುದನ್ನು ತಡೆಯಲು ಅದೊಂದೇ ಸಾಲದು. ಇಲ್ಲಿ ಕಳ್ಳ ನಿಮಗೆ ಫೋನ್ ಮಾಡಲೇಬೇಕು ಅಂತಿಲ್ಲ. ಕೆಲವೊಮ್ಮೆ ನಿಮ್ಮ ಆಧಾರ್, ಪ್ಯಾನ್ ಪ್ರತಿಗಳೇ ಅವನಿಗೆ ಸಾಕು. ಹಾಗಾಗಿ ನಾವೇ ಬೀಗ ಹಾಕಬೇಕು, ಆಗಾಗ ನಾವೇ ಹೋಗಿ ನೋಡಬೇಕು.

ಮೊದಲು ಬೆರಳಚ್ಚಿಗೆ ಬೀಗ

ಇದನ್ನು ಇವತ್ತೇ ಮಾಡಿ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಅದರ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಅನ್ನುವ ಆಯ್ಕೆ ಇದೆ. ಮೊಬೈಲ್‌ಗೆ ಬರುವ ಒಟಿಪಿ ಹಾಕಿ ಲಾಕ್ ಮಾಡಿದರೆ ನಿಮ್ಮ ಬೆರಳು, ಕಣ್ಣು, ಮುಖ ಯಾವುದನ್ನು ಬಳಸಿಯೂ ಆಧಾರ್ ದೃಢೀಕರಣ ಆಗುವುದಿಲ್ಲ. ಒಟಿಪಿ ಮೂಲಕ ಆಗುವ ಕೆಲಸಗಳಿಗೆ ಏನೂ ತೊಂದರೆ ಇಲ್ಲ.

ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವವರು, ಊರಿನಲ್ಲೇ ಆಧಾರ್ ಮೂಲಕ ಪಿಂಚಣಿ ತೆಗೆಯುವ ಹಿರಿಯರು ‘ನಮಗಿದು ಆಗಲ್ಲ’ ಅಂತ ಬಿಟ್ಟುಬಿಡುತ್ತಾರೆ. ಬಿಡಬೇಕಾಗಿಲ್ಲ. ಬೇಕಾದಾಗ ಸ್ವಲ್ಪ ಹೊತ್ತಿಗೆ ಬೀಗ ತೆಗೆಯಬಹುದು. ಅಪ್ಪ ಅಮ್ಮನಿಗೆ ಇದು ಕಷ್ಟ ಅಲ್ವಾ? ಅವರ ಪರವಾಗಿ ಮಕ್ಕಳೇ ಮಾಡಿಕೊಡಿ. ಆಧಾರ್‌ಗೆ ಈಗ ಬಳಸುತ್ತಿರುವ ಮೊಬೈಲ್ ನಂಬರ್ ಜೋಡಿಸಿರಬೇಕು, ಅಷ್ಟೇ. ಇಲ್ಲದಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಆ ಕೆಲಸ ಮುಗಿಸಿ. ಅನುಮಾನ ಇದ್ದರೆ ಅದೇ ಜಾಲತಾಣದಲ್ಲಿ ಕಳೆದ 6 ತಿಂಗಳಲ್ಲಿ ನಿಮ್ಮ ಆಧಾರ್ ಯಾವಾಗೆಲ್ಲ ಬಳಕೆಯಾಗಿದೆ ಅನ್ನುವ ಪಟ್ಟಿ ಸಿಗುತ್ತದೆ. ಸಹಾಯವಾಣಿ 1947.

ಜೆರಾಕ್ಸ್ ಕೊಡುವಾಗ

ಜೆರಾಕ್ಸ್ ಅಂಗಡಿಗೆ ಹೋಗುತ್ತೇವೆ. ‘ಈ ನಂಬರ್‌ಗೆ ವಾಟ್ಸ್ಆ್ಯಪ್ ಮಾಡಿ ಸಾರ್’ ಅನ್ನುತ್ತಾರೆ. ಆಧಾರ್ ಕಳಿಸುತ್ತೇವೆ, ಪ್ರಿಂಟ್ ತಗೊಂಡು ಬರುತ್ತೇವೆ. ಫೈಲ್ ಮಾತ್ರ ಆ ಕಂಪ್ಯೂಟರ್‌ನಲ್ಲೇ ಇರುತ್ತದೆ. ಅಂಗಡಿಯವರು ಒಳ್ಳೆಯವರೇ ಇರಬಹುದು, ಆದರೆ ಆ ಕಂಪ್ಯೂಟರ್ ಮುಂದೆ ದಿನಕ್ಕೆ ಎಷ್ಟೋ ಜನ ಕೂರುತ್ತಾರೆ. ಎದುರಿಗೇ ಡಿಲೀಟ್ ಮಾಡಿಸಿ. ಕೇಳಲು ಸಂಕೋಚ ಬೇಡ.

ಪೂರ್ತಿ ಆಧಾರ್ ಬೇಡದ ಕಡೆ ಮಾಸ್ಕ್ಡ್ ಆಧಾರ್ ಕೊಡಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಅದೂ ಆಧಾರ್ ಜಾಲತಾಣದಲ್ಲೇ ಸಿಗುತ್ತದೆ. ಸಂಘದ ಸಾಲಕ್ಕೆ, ಬಾಡಿಗೆ ಮನೆಗೆ ಅಂತ ಕಾಗದದ ಪ್ರತಿ ಕೊಡುವಾಗ ಅಡ್ಡಲಾಗಿ, ಅಕ್ಷರಗಳ ಮೇಲೇ ಬರುವಂತೆ ಪೆನ್ನಿನಲ್ಲಿ ಬರೆಯಿರಿ: ‘ಬಾಡಿಗೆ ಕರಾರಿಗೆ ಮಾತ್ರ’, ಕೆಳಗೆ ತಾರೀಖು, ಸಹಿ. ಮೂಲೆಯಲ್ಲಿ ಬರೆದರೆ ಮಡಚಿ ಮತ್ತೆ ಜೆರಾಕ್ಸ್ ಮಾಡಿಬಿಡುತ್ತಾರೆ.

ನಿಮ್ಮ ಹೆಸರಲ್ಲಿ ಏನೇನಿದೆ ನೋಡಿ

ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ಯಲ್ಲಿ ನಿಮ್ಮ ಮೊಬೈಲ್ ನಂಬರ್, ಒಟಿಪಿ ಹಾಕಿದರೆ ನಿಮ್ಮ ಹೆಸರಲ್ಲಿರುವ ಸಿಮ್‌ಗಳೆಲ್ಲ ಕಾಣುತ್ತವೆ. ಗೊತ್ತಿಲ್ಲದ ನಂಬರ್ ಇದ್ದರೆ ‘ನನ್ನ ನಂಬರ್ ಅಲ್ಲ’ ಅಂತ ಅಲ್ಲೇ ದೂರು ಕೊಡಬಹುದು. ಪ್ಯಾನ್ ಹಾಕಿ ಜಿಎಸ್‌ಟಿ ಜಾಲತಾಣದಲ್ಲಿ ಹುಡುಕಿದರೆ ನಿಮ್ಮ ಹೆಸರಲ್ಲಿ ಯಾರಾದರೂ ಅಂಗಡಿ ತೆರೆದಿದ್ದಾರಾ ಅನ್ನುವುದೂ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮುಖ್ಯ ಸಾಲದ ವರದಿ, ಅಂದರೆ ನಿಮ್ಮ ಹೆಸರಲ್ಲಿರುವ ಸಾಲಗಳ ವಿವರ. ನಾವು ‘ಸಿಬಿಲ್’ ಅನ್ನುತ್ತೇವೆ, ಆದರೆ ಈ ವರದಿ ಕೊಡುವ ಕ್ರೆಡಿಟ್ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಇದು ಆರ್‌ಬಿಐ ನಿಯಮ. ಮೂರು ತಿಂಗಳಿಗೊಂದು ಕಂಪನಿಯಂತೆ ತೆಗೆದರೆ ವರ್ಷವಿಡೀ ಖರ್ಚಿಲ್ಲದೆ ಕಣ್ಣಿಟ್ಟ ಹಾಗಾಯಿತು.

ವರದಿ ಕೈಗೆ ಬಂದಾಗ ಎಲ್ಲರೂ ಸ್ಕೋರ್ ಮಾತ್ರ ನೋಡಿ ಮುಚ್ಚಿಡುತ್ತಾರೆ. ಸ್ಕೋರ್ ಆಮೇಲೆ ನೋಡಿ. ಮೊದಲು ವಿಳಾಸ, ಫೋನ್ ನಂಬರ್ ಇರುವ ಭಾಗ ಓದಿ. ನೀವು ಯಾವತ್ತೂ ಇರದ ಊರಿನ ವಿಳಾಸ, ನಿಮ್ಮದಲ್ಲದ ನಂಬರ್ ಅಲ್ಲಿದ್ದರೆ ಅದನ್ನು ಕೊಟ್ಟು ಬೇರೆ ಯಾರೋ ಅರ್ಜಿ ಹಾಕಿರಬಹುದು. ಆಮೇಲೆ ‘ಎನ್‌ಕ್ವೈರಿ’ ಭಾಗ. ಸಾಲ ಕೊಡುವ ಮುಂಚೆ ಯಾರು ನಿಮ್ಮ ವರದಿ ತೆಗೆದು ನೋಡಿದರು ಅಂತ ಅಲ್ಲಿ ತಾರೀಖು ಸಮೇತ ಇರುತ್ತದೆ. ನೀವು ಅರ್ಜಿಯೇ ಹಾಕದ ಕಂಪನಿಯ ಹೆಸರು ಕಂಡರೆ ಸುಮ್ನೆ ಬಿಡಬೇಡಿ. ಸಾಲ ಮಂಜೂರಾಗುವ ಮುಂಚೆಯೇ ತಡೆಯುವ ಅವಕಾಶ ಸಿಗುವುದು ಅಲ್ಲೇ. ಕೊನೆಗೆ ಸಾಲದ ಖಾತೆಗಳನ್ನು ಒಂದೊಂದಾಗಿ ನೋಡಿ. 2,000 ರೂಪಾಯಿಯ ಆ್ಯಪ್ ಸಾಲವನ್ನೂ ಬಿಡಬೇಡಿ.

ಆಗಿಹೋಗಿದ್ದರೆ

ಖಾತೆಯಿಂದ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಕೈ ಬದಲಾಗುವ ಮುಂಚೆ ತಡೆಹಿಡಿಯಲು ಈ ವ್ಯವಸ್ಥೆ ಇರುವುದು, ಹಾಗಾಗಿ ಪ್ರತಿ ನಿಮಿಷವೂ ಮುಖ್ಯ. ಬ್ಯಾಂಕಿಗೂ ಆಗಲೇ ತಿಳಿಸಿ, ದೂರಿನ ನಂಬರ್ ಪಡೆಯಿರಿ. ಆರ್‌ಬಿಐ 2017ರಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅನ್ನುವಂಥ ಪ್ರಕರಣದಲ್ಲಿ, ಬ್ಯಾಂಕಿನಿಂದ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ನಿಮ್ಮ ಮೇಲೆ ಬರುವಂತಿಲ್ಲ. ತಪ್ಪು ಗ್ರಾಹಕರದ್ದು ಅಂತ ಸಾಬೀತು ಮಾಡಬೇಕಾದದ್ದೂ ಬ್ಯಾಂಕೇ.

ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ದಾಖಲಿಸಿ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೂ ಹೋಗಿ. ಬೇರೊಬ್ಬರ ಗುರುತನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಸಿ ಕಲಂ ಪ್ರಕಾರ ಅಪರಾಧ. 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. ದೂರಿನ ಸ್ವೀಕೃತಿ ಇಲ್ಲದೆ ಠಾಣೆಯಿಂದ ಬರಬೇಡಿ. ಮುಂದಿನ ಪ್ರತಿ ಕಾಗದಕ್ಕೂ ಅದನ್ನು ಲಗತ್ತಿಸಬೇಕು.

ನಕಲಿ ಸಾಲವಾದರೆ ಕೊಟ್ಟ ಕಂಪನಿಗೆ ಇಮೇಲ್‌ನಲ್ಲಿ ಬರೆಯಿರಿ. ಫೋನ್ ಮಾತು ಲೆಕ್ಕಕ್ಕಿಲ್ಲ. ಉದ್ದ ಬೇಡ, ಇಷ್ಟು ಸಾಕು: ‘ಈ ನಂಬರಿನ ಸಾಲ ನಾನು ಪಡೆದಿಲ್ಲ. ಅರ್ಜಿಯ ಪ್ರತಿ, ಕೆವೈಸಿ ದಾಖಲೆ, ಫೋಟೊ, ಹಣ ಜಮೆಯಾದ ಖಾತೆಯ ವಿವರ ಕೊಡಿ. ಸಾಲವನ್ನು ವಂಚನೆ ಎಂದು ಗುರುತಿಸಿ, ನಾಲ್ಕೂ ಕ್ರೆಡಿಟ್ ಕಂಪನಿಗಳ ವರದಿಯಿಂದ ತೆಗೆಸಿ.’ ಹಣ ಯಾವ ಖಾತೆಗೆ ಹೋಯಿತು ಅನ್ನುವ ಪ್ರಶ್ನೆಯನ್ನು ಮರೆಯಬೇಡಿ. ಅದು ನಿಮ್ಮ ಖಾತೆ ಅಲ್ಲ ಅಂತಾದರೆ ನಿಮ್ಮ ವಾದಕ್ಕೆ ಅರ್ಧ ಬಲ ಬಂದ ಹಾಗೆ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ‘ಮೂರು ಸಾವಿರ ತಾನೇ, ಕಟ್ಟಿ ಕೈ ತೊಳೆದುಕೊಳ್ಳೋಣ’ ಅಂತ ಅನ್ನಿಸುತ್ತದೆ. ಮನೆಯವರೂ ಹಾಗೇ ಹೇಳುತ್ತಾರೆ. ದಯವಿಟ್ಟು ಕಟ್ಟಬೇಡಿ. ಕಟ್ಟಿದರೆ ಸಾಲ ನಿಮ್ಮದೇ ಅಂತ ಒಪ್ಪಿಕೊಂಡ ಹಾಗೆ ಕಾಣುತ್ತದೆ. ಕಂಪನಿ ‘ಸೆಟಲ್‌ಮೆಂಟ್ ಮಾಡಿಕೊಡ್ತೀವಿ’, ಅಂದರೆ ಸ್ವಲ್ಪ ಕಟ್ಟಿದರೆ ಸಾಲ ಮುಗಿಸ್ತೀವಿ ಅಂದರೂ ಬೇಡ ಅನ್ನಿ. ವರದಿಯಲ್ಲಿ ‘ಸೆಟಲ್ಡ್’ ಅಂತ ಬಂದರೆ ನಾಳೆ ಮನೆ ಸಾಲಕ್ಕೆ ಹೋದಾಗ ಅದೇ ಕಪ್ಪುಚುಕ್ಕೆ. ಆ ಸಾಲು ವರದಿಯಿಂದ ಪೂರ್ತಿ ಅಳಿಯಬೇಕು. ರಿಕವರಿ ಏಜೆಂಟರು ಕಾಡಿದರೆ ದೂರಿನ ನಂಬರ್ ಹೇಳಿ, ಕರೆ ಬಂದ ಸಮಯ ಬರೆದಿಡಿ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ.

ಜೊತೆಗೇ, ಆ ಸಾಲ ಕಾಣುವ ಪ್ರತಿ ಕ್ರೆಡಿಟ್ ಕಂಪನಿಯ ಜಾಲತಾಣದಲ್ಲೂ ಆಕ್ಷೇಪ ದಾಖಲಿಸಿ. 30 ದಿನದೊಳಗೆ ಇತ್ಯರ್ಥ ಆಗದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಈ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸಾಲ ಕೊಟ್ಟ ಕಂಪನಿ 30 ದಿನವಾದರೂ ಉತ್ತರಿಸದಿದ್ದರೆ, ಅಥವಾ ಹಾರಿಕೆ ಉತ್ತರ ಕೊಟ್ಟರೆ, ಇಂಥ ದೂರುಗಳನ್ನು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಬರೆಯಿರಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448.

ಸಾಲ ನಿಮ್ಮದಲ್ಲ ಅಂತ ಕಂಪನಿ ಒಪ್ಪಿದ ದಿನ ಅದನ್ನು ಪತ್ರದಲ್ಲೇ ಪಡೆಯಿರಿ. ಸ್ವಲ್ಪ ದಿನ ಬಿಟ್ಟು ನಾಲ್ಕೂ ಕಂಪನಿಗಳ ವರದಿ ಮತ್ತೆ ತೆಗೆದು ನೋಡಿ. ಒಂದರಲ್ಲಿ ಅಳಿಸಿ ಇನ್ನೊಂದರಲ್ಲಿ ಹಾಗೇ ಉಳಿದಿದ್ದರೆ ಅದೇ ಪತ್ರ ಲಗತ್ತಿಸಿ ಮತ್ತೆ ಆಕ್ಷೇಪ ಹಾಕಿ.