ಅಹಮದಾಬಾದಿನಲ್ಲಿ ರಾತ್ರಿ ಹನ್ನೊಂದಕ್ಕೆ ಎಲ್ಲಿಗೆ ಹೋಗೋದು?

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಎತ್ತಿದ್ದು ಅಹಮದಾಬಾದಿನಲ್ಲಿ. ಇತ್ತ ಬೆಂಗಳೂರಿನ ಪಬ್ಬುಗಳಲ್ಲಿ ಕುಣಿತ. ಅತ್ತ ಸ್ಟೇಡಿಯಂನಿಂದ ಗಂಟಲು ಕಟ್ಟಿಕೊಂಡು ಹೊರಬಂದವರಿಗೆ ಸಿಗುವಂತಿದ್ದದ್ದು ಸೋಡಾ, ಚಹಾ, ಕುಲ್ಫಿ. 1960ರಲ್ಲಿ ರಾಜ್ಯ ಹುಟ್ಟಿದಾಗಿನಿಂದಲೂ ಗುಜರಾತಿನಲ್ಲಿ ಪಾನನಿಷೇಧ. ಕೆಲಸಕ್ಕೋ ಮ್ಯಾಚಿಗೋ ಹೋದ ನಮ್ಮವರು ಎಂಟಕ್ಕೆ ಹೋಟೆಲಿನಲ್ಲೇ ಊಟ ಮುಗಿಸಿ, ‘ಈ ಊರಲ್ಲಿ ಏನೂ ಇಲ್ಲಪ್ಪ’ ಅಂತ ಮಲಗಿಬಿಡುತ್ತಾರೆ. ಅಲ್ಲಿನವರು ಮನೆಯಿಂದ ಹೊರಡುವುದೇ ಒಂಬತ್ತರ ಮೇಲೆ.

ಬಾರಿನಲ್ಲಿ ನಾವು ಕೊಡುವ ದುಡ್ಡಿನಲ್ಲಿ ಅರ್ಧ ಕುರ್ಚಿಯ ಬಾಡಿಗೆ. ನಾಲ್ಕು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಅಹಮದಾಬಾದಿನ ತಿಂಡಿ ಬೀದಿಯಲ್ಲಿ ಆ ಕುರ್ಚಿ ಸಿಗದು. ತಟ್ಟೆ ಖಾಲಿಯಾಗುವ ಮೊದಲೇ ಬೆನ್ನ ಹಿಂದೆ ಒಂದು ಸಂಸಾರ ಬಂದು ನಿಂತಿರುತ್ತದೆ. ಆದ್ದರಿಂದ ಸಂಜೆಯನ್ನು ನಾಲ್ಕೈದು ತುಂಡು ಮಾಡಿಕೊಳ್ಳಬೇಕು: ಸ್ವಲ್ಪ ತಿನ್ನು, ಸ್ವಲ್ಪ ನಡೆ, ಎಲ್ಲಾದರೂ ಕೂರು, ಮತ್ತೆ ತಿನ್ನು. ಒಂದೇ ಕಡೆ ಹೊಟ್ಟೆ ಬಿರಿಯುವಷ್ಟು ತಿಂದವರ ಸಂಜೆ ಅಲ್ಲಿಗೇ ಮುಗಿಯಿತು.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಬೇರೆ ರಾಜ್ಯದಿಂದ ಬಂದವರಿಗೆ ತಾತ್ಕಾಲಿಕ ಪರ್ಮಿಟ್ ಸಿಗುತ್ತದೆ. ಪರ್ಮಿಟ್ ಅಂಗಡಿ ಇರುವ ಕೆಲವು ಹೋಟೆಲುಗಳಲ್ಲಿ ಹೊರರಾಜ್ಯದ ಗುರುತಿನ ಚೀಟಿ ಮತ್ತು ಪ್ರಯಾಣದ ಟಿಕೆಟ್ ತೋರಿಸಿದರೆ ಮಿತಿಯೊಳಗೆ ಕೊಡುತ್ತಾರೆ. ಕುಡಿಯುವುದು ರೂಮಿನೊಳಗೆ ಮಾತ್ರ, ಪರ್ಮಿಟ್ ಇಲ್ಲದ ಗೆಳೆಯನಿಗೆ ಸುರಿಯುವಂತಿಲ್ಲ. ಬೆಂಗಳೂರಿನಲ್ಲಿ ಬಿಲ್ ಸಮೇತ ಕೊಂಡ ಬಾಟಲಿಯಾದರೂ ಬ್ಯಾಗಿನಲ್ಲಿ ತರುವುದು ಅಪರಾಧ. ಹೊರಗೆ ಕುಡಿದು ಗಡಿ ದಾಟಿ ಬಂದರೂ ಕೇಸು ಬೀಳುತ್ತದೆ. ಡಿಸೆಂಬರ್ 31ರ ರಾತ್ರಿ, ಪಾನನಿಷೇಧವಿಲ್ಲದ ಪಕ್ಕದ ದಮನ್ ಕಡೆಯಿಂದ ಬರುವವರ ಬಾಯಿಗೆ ಪೊಲೀಸರು ಯಂತ್ರ ಹಿಡಿಯುತ್ತಾರೆ. ‘ರೂಮಿಗೇ ತಂದುಕೊಡ್ತೀನಿ’ ಅನ್ನುವವರ ಸಹವಾಸವಂತೂ ಬೇಡವೇ ಬೇಡ. 2009ರ ಜುಲೈನಲ್ಲಿ ಇದೇ ಊರಿನಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು, 2022ರ ಜುಲೈನಲ್ಲಿ ಬೋಟಾದ್ ಕಡೆ ಮತ್ತೆ ಅದೇ ಆಯಿತು. ಕೊಂದದ್ದು ಮಿಥೆನಾಲ್.

ಮೊದಲ ಸಲ ಹೋದವರಿಗೆ ಹಳೇ ಊರಿನ ದಾರಿಯೇ ಸರಿ. ಶುರು ಸಾಬರಮತಿ ದಂಡೆಯಿಂದ. ಎಲ್ಲಿಸ್ ಸೇತುವೆ, ಸರ್ದಾರ್ ಸೇತುವೆಗಳ ನಡುವೆ 2022ರಲ್ಲಿ ತೆರೆದ ಅಟಲ್ ಸೇತುವೆ ಇದೆ. ಸುಮಾರು 300 ಮೀಟರ್, ಕಾಲ್ನಡಿಗೆಗೆ ಮಾತ್ರ, ಟಿಕೆಟ್ ಬೇಕು. ಇದು ಬೇಗ ಮುಚ್ಚುವ ಜಾಗ, ಆದ್ದರಿಂದ ಮೊದಲು ಇದು. ಸೂರ್ಯ ಮುಳುಗುವ ಹೊತ್ತು ನೋಡಿಕೊಂಡು ಹೊರಡಿ: ಜೂನಿನಲ್ಲಿ ಏಳೂಕಾಲು ದಾಟಿರುತ್ತದೆ, ಡಿಸೆಂಬರಿನಲ್ಲಿ ಆರರ ಹೊತ್ತಿಗೇ ಮುಗಿದಿರುತ್ತದೆ. ಏಪ್ರಿಲಿನಿಂದ ಜೂನ್‌ವರೆಗೆ ಹಗಲು 42 ಡಿಗ್ರಿ ಮುಟ್ಟುವ ಊರು, ಕತ್ತಲಾದ ಮೇಲೂ ಕಾಂಕ್ರೀಟ್ ಸುಡುತ್ತಿರುತ್ತದೆ. ಆ ತಿಂಗಳುಗಳಲ್ಲಿ ನದಿಯ ಆಸೆ ಬಿಟ್ಟು ನೇರ ಹಳೇ ಊರಿಗೆ ಹೋದರೂ ನಷ್ಟವಿಲ್ಲ.

ಅಲ್ಲಿಂದ ಆಟೋದಲ್ಲಿ ಲಾಲ್ ದರವಾಜಾ. ಸೀದಿ ಸೈಯದ್ ಮಸೀದಿಯ ಕಲ್ಲಿನ ಜಾಲರಿ ರಸ್ತೆಯಿಂದಲೇ ಕಾಣುತ್ತದೆ, ಮರದ ಕೊಂಬೆಗಳು ಒಂದರೊಳಗೊಂದು ಹೆಣೆದ ಹಾಗೆ. ಅದರ ಎದುರೇ ಲಕ್ಕಿ ಹೋಟೆಲ್, ಅದೇ ನಿಮ್ಮ ಮೊದಲ ಕುರ್ಚಿ. ಹಳೆಯ ಗೋರಿಗಳ ಸುತ್ತಲೇ ಕಟ್ಟಿದ ಹೋಟೆಲು, ಕಟಕಟೆ ಹಾಕಿದ ಗೋರಿಗಳ ನಡುವೆ ಟೇಬಲ್ಲುಗಳು. ಗೋಡೆಯ ಮೇಲೆ ಎಂ.ಎಫ್. ಹುಸೇನ್ ಕೊಟ್ಟ ಚಿತ್ರ. ಇಬ್ಬರಿಗೆ ಒಂದು ಮಸ್ಕಾ ಬನ್, ಎರಡು ಚಹಾ, ಅಷ್ಟೇ. ಎರಡನೇ ಬನ್ ಹೇಳಿದಿರೋ, ಮುಂದಿನದಕ್ಕೆ ಜಾಗವಿರುವುದಿಲ್ಲ.

ಇಲ್ಲಿಂದ ರಾತ್ರಿಯ ತಿಂಡಿ ಬೀದಿಯಾದ ಮಾಣೆಕ್ ಚೌಕಕ್ಕೆ ನಡೆದೇ ಹೋಗಬಹುದು. ಭದ್ರ ಕೋಟೆ, ತೀನ್ ದರವಾಜಾ, 1424ರ ಜಾಮಾ ಮಸೀದಿ ಎಲ್ಲಾ ದಾರಿಯಲ್ಲೇ. ತೀನ್ ದರವಾಜಾದ ಗೂಡಿನಲ್ಲಿ ಲಕ್ಷ್ಮಿಗೆಂದು ಹಚ್ಚಿಟ್ಟ ದೀಪವನ್ನು ಒಂದು ಮುಸ್ಲಿಂ ಮನೆತನ ತಲೆಮಾರುಗಳಿಂದ ಆರದ ಹಾಗೆ ನೋಡಿಕೊಂಡು ಬಂದಿದೆ ಅನ್ನುತ್ತಾರೆ. ಮಾಂಸಾಹಾರಿಗಳು ಅದರ ಪಕ್ಕದ ಭಟಿಯಾರ್ ಗಲ್ಲಿಗೆ ತಿರುಗಿಕೊಳ್ಳಬಹುದು. ರಂಜಾನಿನ ರಾತ್ರಿಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಮಾಣೆಕ್ ಚೌಕ ಹಗಲು ಚಿನ್ನ ಬೆಳ್ಳಿಯ ಪೇಟೆ. ಅಂಗಡಿಗಳ ಷಟರ್ ಎಳೆದ ಮೇಲೆ ಅದೇ ಜಾಗದಲ್ಲಿ ಒಲೆ, ತವಾ, ಪ್ಲಾಸ್ಟಿಕ್ ಕುರ್ಚಿ ಬಂದು ಕೂರುತ್ತವೆ. ಎಂಟಕ್ಕೆ ಹೋದರೆ ಇನ್ನೂ ಬೆಂಚು ಹೊರುತ್ತಿರುತ್ತಾರೆ. ಒಂಬತ್ತೂವರೆಗೆ ಹೋಗಿ. ಶನಿವಾರ, ಭಾನುವಾರ ಹತ್ತರ ಮೇಲೆ ಕುರ್ಚಿ ಸಿಗುವುದು ಕಷ್ಟ, ವಾರದ ನಡುವೆ ಆರಾಮ. ಒಳಗೆ ಕಾಲಿಟ್ಟ ಕೂಡಲೇ ನಾಲ್ಕು ಅಂಗಡಿಯ ಹುಡುಗರು ಮೆನು ಹಿಡಿದು ಮುತ್ತಿಕೊಳ್ಳುತ್ತಾರೆ. ಮೊದಲು ಕೈಹಿಡಿದವನ ಹಿಂದೆ ಹೋಗದೆ ಒಂದು ಸುತ್ತು ಹಾಕಿ, ಊರಿನ ಸಂಸಾರಗಳು ಎಲ್ಲಿ ಕೂತಿವೆ ನೋಡಿ. ರೇಟು ಮೊದಲೇ ಕೇಳಿ. ಚೀಸು, ಬೆಣ್ಣೆ ಹೆಚ್ಚಾದ ಹಾಗೆ ದರವೂ ಏರುತ್ತದೆ.

ಘೋಟಾಳಾ ದೋಸೆ ಅಂತ ಒಂದಿದೆ. ತವಾದ ಮೇಲೆ ಹಿಟ್ಟು ಹರಡಿ, ಅದರ ಮೇಲೇ ಬೆಣ್ಣೆಯ ಗಡ್ಡೆ, ಹೆಚ್ಚಿದ ಈರುಳ್ಳಿ, ಟೊಮೇಟೊ, ದೊಣ್ಣೆಮೆಣಸಿನಕಾಯಿ, ಪನೀರು, ಪಾವ್‌ಭಾಜಿ ಮಸಾಲೆ ಎಲ್ಲಾ ಹಾಕಿ ಸ್ಮ್ಯಾಶರಿನಿಂದ ಜಜ್ಜುತ್ತಾರೆ. ಕೊನೆಗೆ ಚೀಸಿನ ಮಳೆ. ನಮ್ಮ ದೋಸೆಯ ಲೆಕ್ಕ ಇಟ್ಟುಕೊಂಡು ಹೋದರೆ ಎದೆ ಒಡೆಯುತ್ತದೆ. ಬೇರೆ ಜಾತಿಯ ತಿಂಡಿ ಅಂದುಕೊಂಡು ತಿಂದರೆ ಚೆನ್ನಾಗಿಯೇ ಇರುತ್ತದೆ. ನಾಲ್ವರಿಗೆ ಒಂದು ದೋಸೆ, ಒಂದು ಪಾವ್‌ಭಾಜಿಗೆ ನಾಲ್ಕು ಪಾವ್ ಹೆಚ್ಚುವರಿ, ಒಂದು ಘೂಘರಾ ಸ್ಯಾಂಡ್‌ವಿಚ್. ಇದಕ್ಕಿಂತ ಹೆಚ್ಚು ಹೇಳಿದರೆ ಬೆಣ್ಣೆಯೇ ಸೋಲಿಸುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬೇಡದವರು ‘ಜೈನ್’ ಅಂದರೆ ಸಾಕು, ಪಾವ್‌ಭಾಜಿಗೆ ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕುತ್ತಾರೆ. ಖಾರ ಕಡಿಮೆ ಬೇಕಾದರೆ ‘ತೀಖು ಓಛು’. ಅಂಗಡಿಯವನಿಗೆ ‘ಭಾಯ್’, ವಯಸ್ಸಾದವರಿಗೆ ‘ಕಾಕಾ’. ಎದ್ದು ಹೊರಡುವಾಗ ‘ಕೇಟ್ಲಾ ಥಯಾ?’ ಅಂದರೆ ಎಷ್ಟಾಯಿತು ಅಂತ.

ತಿನ್ನುವಾಗ ಛಾಸ್, ಅಂದರೆ ಅವರ ಮಸಾಲೆ ಮಜ್ಜಿಗೆ. ಸೋಡಾ ಆಮೇಲೆ. ಊಟದ ನಡುವೆ ಜೀರಾ ಸೋಡಾ ಇಳಿಸಿದರೆ ಪಾವ್ ಉಬ್ಬಿ, ಹನ್ನೊಂದು ಗಂಟೆಗೆ ನಡೆಯಲಾರದೆ ಆಟೋ ಹುಡುಕುತ್ತೀರಿ. ಕಡ್ಡಿಯಿಂದ ಬಿಡಿಸಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿಕೊಡುವ ಕುಲ್ಫಿ ಕೊನೆಗೆ. ಚಳಿಗಾಲವಾದರೆ ಕುಲ್ಫಿ ಬಿಟ್ಟು ಕಾವೋ ಹುಡುಕಿ: ಶುಂಠಿ, ಮಸಾಲೆ, ಕಪ್ಪುಪ್ಪು, ನಿಂಬೆರಸ ಹಾಕಿದ ಬಿಸಿ ಕಷಾಯ. ಮೊದಲ ಗುಟುಕಿಗೆ ಮುಖ ಕಿವುಚುತ್ತದೆ, ಮೂರನೆಯದಕ್ಕೆ ಹಿಡಿಸುತ್ತದೆ.

ಹರಟೆ ಉಳಿದಿದ್ದರೆ ಕಿಟ್ಲಿ ಇದೆ. ಬೀದಿ ಬದಿಯ ಚಹಾದ ಅಂಗಡಿಗೆ ಅಲ್ಲಿನವರು ಹೇಳುವ ಹೆಸರೇ ಅದು. ಬೈಕಿನ ಸೀಟೇ ಕುರ್ಚಿ, ಅರ್ಧ ಗಂಟೆಗೊಂದು ಕಟಿಂಗ್, ಅಂದರೆ ಅರ್ಧ ಲೋಟ ಚಹಾ, ಹೇಳುತ್ತಿದ್ದರೆ ಯಾರೂ ಎಬ್ಬಿಸುವುದಿಲ್ಲ. ಸಕ್ಕರೆ ಧಾರಾಳ, ಬೇಡವಾದರೆ ಮೊದಲೇ ಹೇಳಿ. ಎಸ್‌ಜಿ ಹೈವೇ, ಸಿಂಧು ಭವನ್ ರಸ್ತೆಯ ಕಡೆ ಎಸಿ ಕೆಫೆಗಳೂ ಸಾಲುಸಾಲು. ಬೆಂಗಳೂರಿನಲ್ಲಿ ಇದ್ದ ಹಾಗೇ ಇರುತ್ತವೆ, ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು? ಕಾಂಕರಿಯಾ ಕೆರೆ ಮಕ್ಕಳಿದ್ದವರಿಗೆ ಒಳ್ಳೆಯದು, ಆದರೆ ಸೋಮವಾರ ರಜೆ. ವಾಪಸಾಗಲು ಮೆಟ್ರೋ ನೆಚ್ಚಬೇಡಿ, ಮಾಣೆಕ್ ಚೌಕ ಕಾವೇರುವ ಹೊತ್ತಿಗೆ ಅದು ನಿಂತಿರುತ್ತದೆ. ಮ್ಯಾಚಿನ ರಾತ್ರಿ ಮಾತ್ರ ತಡವಾಗಿಯೂ ಓಡಿಸುವುದುಂಟು. ಹಳೇ ಊರಿನ ಗಲ್ಲಿಗೆ ಕಾರು ತಂದರೆ ಸಂಜೆಯೆಲ್ಲಾ ಪಾರ್ಕಿಂಗಿಗೇ ಹೋಯಿತು.

ಜನವರಿಯಲ್ಲಿ ಹೋದರೆ 1ರಿಂದ 13ರವರೆಗೆ ಸಪ್ತಕ್ ಸಂಗೀತೋತ್ಸವ, ಹಿಂದೂಸ್ತಾನಿ ಕಿವಿಯವರಿಗೆ ಬೇರೆ ಏನೂ ಬೇಡ. ಮರುದಿನ ಉತ್ತರಾಯಣ, ನಮ್ಮ ಸಂಕ್ರಾಂತಿ ಅಲ್ಲಿ ಗಾಳಿಪಟದ ಹಬ್ಬ. ಗಾಳಿಪಟದ ದಾರ ಕುತ್ತಿಗೆ ಕೊಯ್ಯುತ್ತದೆ, ಅವತ್ತು ಬೈಕ್ ಮುಟ್ಟಬೇಡಿ.

ನವರಾತ್ರಿಗೆ ಹೋಗುವವರಿಗೆ ಮಾತ್ರ ಪೂರ್ವತಯಾರಿ ಬೇಕು. ದೊಡ್ಡ ಮೈದಾನದ ಗರ್ಬಾಕ್ಕೆ ಪಾಸು ಆಯೋಜಕರಿಂದಲೇ ಕೊಳ್ಳಿ, ಗೇಟಿನ ಹೊರಗೆ ಮಾರುವವು ನಕಲಿಯಾಗಿರಬಹುದು. ಪೋಳ ಅನ್ನುವ ಹಳೇ ಊರಿನ ಕೇರಿಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ನಡೆಯುವ ಶೇರಿ (ಕೇರಿ) ಗರ್ಬಾಕ್ಕೆ ಪಾಸಿಲ್ಲ, ಒಂದು ಮಾತು ಕೇಳಿ ಸೇರಿಕೊಂಡರಾಯಿತು. ಆರತಿ ಮುಗಿಯುವವರೆಗೆ ಕುಣಿತವಿಲ್ಲ. ಚಪ್ಪಲಿಗೆ ಒಂದು ಚೀಲ, ಕುಡಿಯಲು ಒಂದು ಲೀಟರ್ ನೀರು, ಮೈಗೆ ಹತ್ತಿ ಬಟ್ಟೆ. ಹೊಸಬರು ಹೊರಗಿನ ಸುತ್ತಿನಲ್ಲಿ ನಿಲ್ಲಬೇಕು, ಒಳಸುತ್ತು ಪಳಗಿದವರದು. ಮೊದಲ ಎರಡು ಸುತ್ತು ಚಪ್ಪಾಳೆ ಮರೆತು ಮುಂದಿನವರ ಕಾಲು ಮಾತ್ರ ನೋಡಿ. ಕಾಲು ಕೂಡಿದ ಮೇಲೆ ಕೈ ತಾನಾಗಿ ಕೂಡುತ್ತದೆ. ಎಡವಟ್ಟಾಗುವುದು ತಾಳ ತಪ್ಪಿದಾಗಲ್ಲ, ತಪ್ಪಿತೆಂದು ಗಕ್ಕನೆ ನಿಂತಾಗ. ಹಿಂದಿನಿಂದ ಬರುವವರು ನೇರ ಬೆನ್ನಿಗೇ ಬಂದು ಗುದ್ದುತ್ತಾರೆ. ತಪ್ಪಿದರೆ ನಡೆಯುತ್ತಲೇ ಹೊರಗಿನ ಅಂಚಿಗೆ ಸರಿಯಿರಿ.

ಮೈಕು ನಿಂತ ಮೇಲೂ ಊರು ನಿಲ್ಲುವುದಿಲ್ಲ. ಬೆವರಿಳಿಸಿಕೊಂಡು ಎಲ್ಲರೂ ಫಾಫಡಾ, ಅಂದರೆ ಕಡಲೆಹಿಟ್ಟಿನ ಗರಿಗರಿ ಪಟ್ಟಿ, ಕರಿಯುವ ಅಂಗಡಿಗೆ ಹೋಗುತ್ತಾರೆ. ಅಲ್ಲಿ ತೂಕದ ಲೆಕ್ಕ: ತಲೆಗೆ ನೂರು ಗ್ರಾಂ ಫಾಫಡಾ, ಐವತ್ತು ಗ್ರಾಂ ಜಿಲೇಬಿ, ಜೊತೆಗೆ ಪಪ್ಪಾಯಿ ಕಾಯಿಯ ತುರಿ, ಹುರಿದ ಹಸಿಮೆಣಸು. ಫಾಫಡಾ ಎಣ್ಣೆಯಿಂದ ತೆಗೆದದ್ದೇ ಕೊಡಿ ಅನ್ನಿ. ತಣ್ಣಗಾದದ್ದು ರಟ್ಟು.