ಕಾಸರಗೋಡಿನಿಂದ ಚೀನಾ ಇತಿಹಾಸಕ್ಕೆ: ಪಿಎಚ್.ಡಿ. ಅರ್ಜಿ ಹಾಕಿದ ನನ್ನ ಅನುಭವ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕಾಲೇಜು ಮಕ್ಕಳು ಈಗೀಗ ಫೋನ್ ಮಾಡಿ ಕೇಳುವುದು ಒಂದೇ ಮಾತು. "ಅಕ್ಕ, ಕನ್ನಡ ಮೀಡಿಯಂನಲ್ಲಿ ಓದಿ, ಇತಿಹಾಸದಲ್ಲಿ ಎಂ.ಎ. ಮಾಡಿದವರಿಗೆ ಚೀನಾ, ಜಪಾನ್ ಇತಿಹಾಸದಲ್ಲಿ ಹೊರದೇಶದ ಪಿಎಚ್.ಡಿ. ಸಿಗ್ತದಾ?" ಸಿಗುತ್ತದೆ. ನನಗೆ ಸಿಕ್ಕಿದೆ. ಹೇಗೆ ಅಂತ ಒಮ್ಮೆ ಸರಿಯಾಗಿ ಬರೆದಿಡೋಣ ಅನಿಸಿತು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಅರ್ಜಿ ಓದುವ ಪ್ರೊಫೆಸರುಗಳು ಮಾರ್ಕು ನೋಡುತ್ತಾರೆ, ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಈಕೆಯ ಪ್ರಶ್ನೆ ಏನು? ಅದಕ್ಕೆ ಉತ್ತರ ಯಾವ ದಾಖಲೆಯಲ್ಲಿದೆ? ಆ ದಾಖಲೆಯ ಭಾಷೆ ಈಕೆಗೆ ಓದಲು ಬರುತ್ತದಾ? ಇದಿಷ್ಟನ್ನು ಅವರು ಹುಡುಕುತ್ತಾರೆ. ನಮ್ಮೂರಲ್ಲಿ ಮನೆಯಲ್ಲೊಂದು ಭಾಷೆ, ಬಸ್ಸಿನಲ್ಲೊಂದು, ಶಾಲೆಯಲ್ಲೊಂದು. ಒಂದೇ ದಿನದಲ್ಲಿ ಎರಡು ಮೂರು ಲಿಪಿ ಓದುತ್ತೇವೆ. ಹಾಗೆ ಬೆಳೆದವರಿಗೆ ಇನ್ನೊಂದು ಭಾಷೆ ಕಲಿಯುವುದಕ್ಕೆ ಹೆದರಿಕೆ ಕಮ್ಮಿ. ಇದು ಸಣ್ಣ ಬಂಡವಾಳ ಅಲ್ಲ.

ನನ್ನ ಪ್ರಶ್ನೆ ಹುಟ್ಟಿದ್ದು ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತನಿಂದ. 1340ರ ದಶಕದಲ್ಲಿ ಅವನು ನಮ್ಮ ಕರಾವಳಿಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಬಂದ. ಮಂಗಳೂರಿನಲ್ಲಿ ಪರ್ಷಿಯಾ, ಯೆಮೆನ್ ಕಡೆಯ ವರ್ತಕರು ಇಳಿಯುತ್ತಾರೆ, ಕಾಳುಮೆಣಸು, ಶುಂಠಿ ಅಲ್ಲಿ ಹೇರಳ ಅಂತ ಬರೆಯುತ್ತಾನೆ. ಅಲ್ಲಿಂದ ಮುಂದೆ ಹೀಲಿ. ಅಂದರೆ ಇವತ್ತಿನ ಏಳಿಮಲೆ, ಪಯ್ಯನ್ನೂರು ದಾಟಿದ ಮೇಲೆ ರೈಲಿನಿಂದ ಕಾಣುವ ಗುಡ್ಡ. ಚೀನಾದ ಹಡಗುಗಳು ಬರುವುದು ಹೀಲಿ, ಕಲ್ಲಿಕೋಟೆ, ಕೊಲ್ಲಂ ಬಂದರುಗಳಿಗೆ ಮಾತ್ರ ಅನ್ನುತ್ತಾನೆ. ಮಂಗಳೂರಿಗೆ ಅರಬ್ಬಿ ಕಡಲಿನ ಆಚೆಯವರು, ಹೀಲಿಗೆ ಚೀನಾದವರು. ಈ ಎರಡರ ನಡುವೆ ಇರುವುದು ಮಂಜೇಶ್ವರ, ಕುಂಬಳೆ, ಕಾಸರಗೋಡು, ಬೇಕಲ. ಹಾಗಾದರೆ ನಮ್ಮ ಕಡೆಯ ಮೆಣಸು ಯಾವ ದಿಕ್ಕಿಗೆ ಹೋಗುತ್ತಿತ್ತು? ಚೀನಾದ ಹಡಗಿಗೆ ಅದನ್ನು ಮುಟ್ಟಿಸುತ್ತಿದ್ದವರು ಯಾರು?

ಈ ಪ್ರಶ್ನೆ ಹಿಡಿದುಕೊಂಡು ಹೋದಾಗ ಸಿಕ್ಕಿದವನು ಮಾ ಹುವಾನ್. ಜೆಂಗ್ ಹೆ ಎಂಬ ನೌಕಾಧಿಪತಿ 1405ರಿಂದ 1433ರ ತನಕ ಚೀನಾದ ಮಿಂಗ್ ಚಕ್ರವರ್ತಿಗಳ ಪರವಾಗಿ ದೊಡ್ಡ ಹಡಗು ಪಡೆ ಕಟ್ಟಿಕೊಂಡು ನಮ್ಮ ಕಡಲಿಗೆ ಬಂದದ್ದು ಎಲ್ಲರಿಗೂ ಗೊತ್ತು. ಅವನ ಜೊತೆ 1413ರಲ್ಲಿ ಹೊರಟ ದುಭಾಷಿ ಈ ಮಾ ಹುವಾನ್. ಕಂಡದ್ದನ್ನೆಲ್ಲ ಬರೆದಿಟ್ಟಿದ್ದಾನೆ. ಕಲ್ಲಿಕೋಟೆಯ ಭಾಗದಲ್ಲಿ ತೆಂಗಿನ ಮರಕ್ಕೆ ಹತ್ತು ಉಪಯೋಗ ಅಂತ ಲೆಕ್ಕ ಕೊಡುತ್ತಾನೆ. ಕುಡಿಯುವುದಕ್ಕೆ, ಎಣ್ಣೆಗೆ, ಬೆಲ್ಲಕ್ಕೆ, ಹಡಗು ಕಟ್ಟುವ ಹಗ್ಗಕ್ಕೆ ನಾರು, ಮಾಡಿಗೆ ಮಡಲು. ಗೆರಟೆಯಿಂದ ಬಟ್ಟಲು, ಅದನ್ನೇ ಸುಟ್ಟ ಬೂದಿ ಚಿನ್ನ ಬೆಳ್ಳಿಯ ನಯದ ಕೆಲಸಕ್ಕೆ. ತೆಂಗಿನ ತೋಟದಲ್ಲಿ ಬೆಳೆದ ನನಗೆ ಆ ಬೂದಿಯ ವಿಷಯ ಹೊಸತು. ಅಪ್ಪನಿಗೆ ಓದಿ ಹೇಳಿದೆ. "ಗೆರಟೆ ಕರಿಗೆ ಈಗಲೂ ಒಳ್ಳೆ ರೇಟ್ ಉಂಟಲ್ವಾ" ಅಂದರು.

ಅದೇ ಭಾಗದಲ್ಲಿ ವ್ಯಾಪಾರ ಕುದುರಿಸುವ ಬಗೆಯೂ ಇದೆ. ಹಡಗಿನ ರೇಷ್ಮೆಗೆ ಒಂದೊಂದಾಗಿ ಬೆಲೆ ಕಟ್ಟುತ್ತಾರೆ. ಚೆಟ್ಟಿ ವರ್ತಕರು, ದಲ್ಲಾಳಿ, ಚೀನಾದ ಅಧಿಕಾರಿ ಎಲ್ಲರೂ ಕೈಗೆ ಕೈ ಸೇರಿಸುತ್ತಾರೆ. ಆಮೇಲೆ ಬೆಲೆ ಏರಿದರೂ ಇಳಿದರೂ ಮಾತು ಮಾತೇ. ಆದರೆ ಚೆಟ್ಟಿಗಳು ತರುವ ಮುತ್ತು, ಹರಳುಗಳಿಗೆ ಬೆಲೆ ಒಂದೇ ದಿನದಲ್ಲಿ ತೀರ್ಮಾನ ಆಗುವುದಿಲ್ಲ. ಬೇಗ ಅಂದರೆ ಒಂದು ತಿಂಗಳು, ತಡ ಆದರೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಲೆಕ್ಕಕ್ಕೆ ಮಣಿಪಟ್ಟಿ (ಅಬಾಕಸ್) ಇಲ್ಲ, ಕೈಕಾಲಿನ ಇಪ್ಪತ್ತು ಬೆರಳು ಸಾಕು. ಇದನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದ ದಿನವೇ ಗಟ್ಟಿ ಮಾಡಿದೆ, ಮೂಲದಲ್ಲಿ ಓದಬೇಕು. ದಲ್ಲಾಳಿಗೆ ಅವನು ಬಳಸಿದ ಪದ ಯಾವುದು, ಅಧಿಕಾರಿಗೆ ಯಾವುದು ಅಂತ ಮೂಲ ನೋಡದೆ ನನ್ನ ಪ್ರಶ್ನೆಗೆ ಉತ್ತರ ಇಲ್ಲ.

ಭಾಷೆಯ ವಿಷಯದಲ್ಲಿ ಯಾರೂ ಸುಮ್ನೆ ಸಮಾಧಾನ ಹೇಳಬಾರದು. ಚೀನಾ ಇತಿಹಾಸಕ್ಕೆ ಪಿಎಚ್.ಡಿ. ಅರ್ಜಿ ಹಾಕುವವರಿಗೆ ಇವತ್ತಿನ ಚೀನಿ ಭಾಷೆ ಚೆನ್ನಾಗಿ ಬರಬೇಕು, ಹಳೆಯ ಗ್ರಂಥಭಾಷೆಯ ಪರಿಚಯವೂ ಇದ್ದರೆ ಒಳ್ಳೆಯದು. ಹೊಸ ಚೀನಿ ಬಂದ ಮಾತ್ರಕ್ಕೆ ಮಾ ಹುವಾನ್ ಅರ್ಥ ಆಗುವುದಿಲ್ಲ. ಹೊಸಗನ್ನಡ ಬಲ್ಲವರ ಮುಂದೆ ಪಂಪನನ್ನು ಇಟ್ಟ ಹಾಗೆ. ನಾನು ಆನ್‌ಲೈನ್ ಕ್ಲಾಸಿನಲ್ಲಿ ಶುರು ಮಾಡಿದೆ. ನಿಘಂಟಿಗೆ ಫೋನಿನಲ್ಲಿ ಪ್ಲೆಕೋ ಆ್ಯಪ್, ಹಳೆಯ ಗ್ರಂಥಗಳಿಗೆ ಚೈನೀಸ್ ಟೆಕ್ಸ್ಟ್ ಪ್ರಾಜೆಕ್ಟ್. ಎರಡೂ ಖರ್ಚಿಲ್ಲದೆ ಸಿಗುತ್ತವೆ. ಆಮೇಲೆ ತೈವಾನ್ ಸರ್ಕಾರ ಭಾಷೆ ಕಲಿಯುವವರಿಗೆ ಕೊಡುವ ಹುವಾಯು ಸ್ಕಾಲರ್‌ಶಿಪ್ ಸಿಕ್ಕಿ ಅಲ್ಲಿಗೆ ಹೋದೆ. ತೈವಾನಿಗೆ ಹೋದದ್ದರಿಂದ ಒಂದು ದೊಡ್ಡ ಲಾಭ ಆಯಿತು. ಚೀನಾದಲ್ಲಿ ಈಗ ಸರಳ ಮಾಡಿದ ಅಕ್ಷರ ಬರೆಯುತ್ತಾರೆ, ತೈವಾನಿನಲ್ಲಿ ಹಳೆಯ ಅಕ್ಷರವೇ ನಡೆಯುತ್ತದೆ. ಹಳೆಯ ದಾಖಲೆ ಓದುವವರಿಗೆ ಬೇಕಾದದ್ದು ಅದೇ.

ಚೀನಾ ಇತಿಹಾಸದವರಿಗೆ ಜಪಾನಿ ಭಾಷೆಯೂ ಬೇಕಾಗುತ್ತದೆ. ಈ ಕ್ಷೇತ್ರದಲ್ಲಿ ಜಪಾನಿನವರು ಮಾಡಿದ ಕೆಲಸ ಅಷ್ಟು ಜಾಸ್ತಿ. ತಮಿಳು ಶಾಸನಗಳ ಮೇಲೆ ಜೀವಮಾನ ದುಡಿದ ನೊಬೊರು ಕರಾಶಿಮಾ ದಕ್ಷಿಣ ಭಾರತದ ಕರಾವಳಿಯಲ್ಲಿ ಚೀನಾ ಪಿಂಗಾಣಿಯ ಚೂರುಗಳನ್ನೂ ಹುಡುಕಿಸಿದವರು. ಅರ್ಜಿಯ ಹೊತ್ತಿಗೆ ಜಪಾನಿ ಬಾರದಿದ್ದರೂ ನಡೆಯುತ್ತದೆ. ಕಲಿಯುವ ಯೋಜನೆ ಇದೆ ಅಂತ ಸ್ಪಷ್ಟವಾಗಿ ಬರೆಯಬೇಕು.

ಇನ್ನು ಎಲ್ಲಿಗೆ ಅರ್ಜಿ ಹಾಕುವುದು? ಇದರಲ್ಲಿ ಹೊಸಬರಿಗೆ ತಲೆಕೆಡುತ್ತದೆ. ಕೆಲವು ಕಡೆ ಚೀನಾ ಇತಿಹಾಸದವರು ಇತಿಹಾಸ ವಿಭಾಗದಲ್ಲಿರುತ್ತಾರೆ, ಕೆಲವು ಕಡೆ ಪೂರ್ವ ಏಷ್ಯಾ ಅಧ್ಯಯನ ವಿಭಾಗದಲ್ಲಿ. ಪ್ರಿನ್ಸ್‌ಟನ್‌ನಲ್ಲಿ ಪೂರ್ವ ಏಷ್ಯಾ ವಿಭಾಗದಲ್ಲೇ ಚೀನಾ, ಜಪಾನ್ ಇತಿಹಾಸಕ್ಕೆ ಪಿಎಚ್.ಡಿ. ಮಾಡಬಹುದು. ಹಾರ್ವರ್ಡ್‌ನಲ್ಲಿ ಇತಿಹಾಸ ಮತ್ತು ಪೂರ್ವ ಏಷ್ಯಾ ಭಾಷೆ ಎರಡನ್ನೂ ಸೇರಿಸಿದ ಜಂಟಿ ಪಿಎಚ್.ಡಿ. ಇದೆ. ವಿಭಾಗದ ಹೆಸರು ನೋಡಿ ತೀರ್ಮಾನ ಮಾಡಬೇಡಿ. ನಿಮ್ಮ ಪ್ರಶ್ನೆಗೆ ಹತ್ತಿರದ ಕೆಲಸ ಮಾಡುವ ಪ್ರೊಫೆಸರ್ ಯಾವ ವಿಭಾಗದಲ್ಲಿದ್ದಾರೆ, ಈ ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಾರಾ ಅಂತ ನೋಡಿ. ನಾನು ಸೆಪ್ಟೆಂಬರಿನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಚಿಕ್ಕ ಮೇಲ್ ಬರೆದೆ. ನನ್ನ ಪ್ರಶ್ನೆ ನಾಲ್ಕು ಸಾಲಿನಲ್ಲಿ, ಅವರ ಯಾವ ಲೇಖನ ಓದಿದ್ದೇನೆ ಅಂತ ಎರಡು ಸಾಲು. ಉತ್ತರ ಬರೆದವರು ಬಹಳ ಪ್ರೀತಿಯಿಂದ ಬರೆದರು.

ದುಡ್ಡಿನ ಮಾತನ್ನು ಮುಚ್ಚಿಡಬಾರದು. ಅಮೆರಿಕದ ಒಳ್ಳೆಯ ಪಿಎಚ್.ಡಿ.ಗಳಲ್ಲಿ ಫೀಸು ಅವರದೇ, ತಿಂಗಳ ಖರ್ಚಿಗೂ ಕೊಡುತ್ತಾರೆ. ಎಂ.ಎ.ಗೆ ಹಾಗಿಲ್ಲ, ಹೆಚ್ಚಿನ ಕಡೆ ಕೈಯಿಂದಲೇ ಕಟ್ಟಬೇಕು. ಸಾಲ ಮಾಡಿ ಎಂ.ಎ.ಗೆ ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅರ್ಜಿಗೇ ಒಂದೊಂದು ಕಡೆ 75ರಿಂದ 125 ಡಾಲರ್ ತನಕ ಆಗುತ್ತದೆ. ಫೀಸು ಮನ್ನಾ ಕೇಳುವ ಅವಕಾಶ ಹಲವು ಕಡೆ ಇದೆ, ಸಂಕೋಚ ಬಿಟ್ಟು ಕೇಳಿ. ಜಿಆರ್‌ಇ ಅನ್ನುವ ಪ್ರವೇಶ ಪರೀಕ್ಷೆ ಈಗ ಹೆಚ್ಚಿನ ಇತಿಹಾಸ ವಿಭಾಗಗಳಿಗೆ ಬೇಡ. ಇಂಗ್ಲಿಷ್ ಬರುತ್ತದೆ ಅಂತ ತೋರಿಸಲು ಟೋಫೆಲ್ ಅಥವಾ ಐಇಎಲ್‌ಟಿಎಸ್ ಪರೀಕ್ಷೆ ಸಾಮಾನ್ಯವಾಗಿ ಬೇಕು.

ಅರ್ಜಿಯಲ್ಲಿ ನಾನು ಹೆಚ್ಚು ಹೊತ್ತು ಕೊಟ್ಟದ್ದು ಎಸ್‌ಒಪಿಗೆ. ಎರಡು ಪುಟದಲ್ಲಿ ನನ್ನ ಸಂಶೋಧನೆ ಏನು ಅಂತ ಹೇಳುವ ಬರಹ ಅದು. ಚಿಕ್ಕಂದಿನಿಂದಲೇ ಇತಿಹಾಸ ಇಷ್ಟ, ಚೀನಾ ಪ್ರಾಚೀನ ನಾಗರಿಕತೆ, ಇಂಥ ಮಾತು ಅದರಲ್ಲಿ ಒಂದೂ ಇರಲಿಲ್ಲ. ಮೊದಲ ಸಾಲಿನಲ್ಲೇ ಮಂಗಳೂರು ಮತ್ತು ಹೀಲಿ, ಎರಡನೆಯದರಲ್ಲಿ ನಡುವಿನ ಖಾಲಿ ಜಾಗ, ಮೂರನೆಯದರಲ್ಲಿ ನನ್ನ ಪ್ರಶ್ನೆ. ನಂತರ ಯಾವ ದಾಖಲೆ, ಯಾವ ಭಾಷೆ. ಭಾಷೆಗಳ ಪಟ್ಟಿಗೆ ಚೀನಿ, ಇಂಗ್ಲಿಷ್ ಅಷ್ಟೇ ಹಾಕಿ ಕರಡು ಕಳಿಸಿದ್ದೆ. ಕಾಲೇಜಿನಲ್ಲಿ ಪಾಠ ಮಾಡಿದ ಮಾಷ್ಟ್ರು ಫೋನಿನಲ್ಲೇ ಹಿಡಿದರು. "ಕನ್ನಡ, ತುಳು, ಮಲಯಾಳ ಎಲ್ಲಿ ಹೋಯ್ತು ಮಾರಾಯ್ತಿ? ಕುಂಬಳೆ ಅರಸರ ಬಗ್ಗೆ ಬೆಯ್ಜಿಂಗಿನಲ್ಲಿ ಕೂತು ಓದುವುದಕ್ಕೆ ಆಗ್ತದಾ?" ಅವರು ಹೇಳಿದ್ದು ಸರಿ. ಚೀನಿ ಓದುವ ವಿದ್ಯಾರ್ಥಿಗಳು ಅಲ್ಲಿನ ಪ್ರೊಫೆಸರುಗಳಿಗೆ ಬೇಕಾದಷ್ಟು ಸಿಗುತ್ತಾರೆ. ಚೀನಿಯ ಜೊತೆ ಕನ್ನಡ ಶಾಸನವನ್ನೂ ಮಲಯಾಳದ ಲೇಖನವನ್ನೂ ಓದುವವರು ಎಷ್ಟು ಮಂದಿ?

ಬರವಣಿಗೆಯ ಮಾದರಿಯಾಗಿ 20ರಿಂದ 25 ಪುಟದ ಒಂದು ಪ್ರಬಂಧ ಕೇಳುತ್ತಾರೆ. ನಾನು ಕೊಟ್ಟದ್ದು ಎಂ.ಎ. ಪ್ರಬಂಧದ ಒಂದು ಅಧ್ಯಾಯವನ್ನು ಮತ್ತೆ ಬರೆದದ್ದು. ಕೈಗೆ ಕೈ ಸೇರಿಸುವ ಆ ಭಾಗವನ್ನೇ ತೆಗೆದುಕೊಂಡು, ಮೂಲದ ಸಾಲುಗಳನ್ನು ನಾನೇ ಅನುವಾದ ಮಾಡಿ, ದಲ್ಲಾಳಿಯ ಕೆಲಸ ಏನೇನು ಅಂತ ಬಿಡಿಸಿದೆ. ದೊಡ್ಡ ಸಿದ್ಧಾಂತ ಹಾಕಲಿಲ್ಲ. ಒಂದು ಸಣ್ಣ ಭಾಗವನ್ನು ಮೂಲದಲ್ಲಿ ಓದಿ ಹೊಸ ಮಾತು ಹೇಳಿದರೆ ಅದಕ್ಕೆ ಬೆಲೆ ಹೆಚ್ಚು, ಇದು ನನ್ನ ಗಟ್ಟಿ ಅಭಿಪ್ರಾಯ.

ಶಿಫಾರಸು ಪತ್ರ ಮೂರು ಬೇಕು. ಒಂದು ಇದೇ ಮಾಷ್ಟ್ರದ್ದು, ಒಂದು ಎಂ.ಎ. ಗೈಡ್‌ದು, ಒಂದು ತೈವಾನಿನ ಭಾಷಾ ಟೀಚರದ್ದು. ಮಾಷ್ಟ್ರು ಆಗಲೇ ರಿಟೈರ್ ಆಗಿದ್ದರು, ಆನ್‌ಲೈನ್ ಫಾರ್ಮ್ ಅಂದರೆ ಬೇಜಾರು. ಓಣಂ ರಜೆಯಲ್ಲಿ ಅವರ ಮನೆಗೆ ಹೋಗಿ ಎಸ್‌ಒಪಿ, ಮಾದರಿ ಪ್ರಬಂಧ, ಅವರ ಕ್ಲಾಸಿನಲ್ಲಿ ನಾನು ಬರೆದಿದ್ದ ಅಸೈನ್‌ಮೆಂಟ್ ಎಲ್ಲ ಒಂದು ಫೈಲಿನಲ್ಲಿ ಕೊಟ್ಟು ಬಂದೆ. ಲಿಂಕ್ ಬಂದಾಗ ಮಗ್ಗುಲಲ್ಲಿ ಕೂತು ಯಾವ ಬಟನ್ ಒತ್ತುವುದು ಅಂತ ಮಾತ್ರ ತೋರಿಸಿದೆ. ಪತ್ರದಲ್ಲಿ ಏನು ಬರೆದರೋ ನಾನು ನೋಡಲಿಲ್ಲ, ನೋಡಬಾರದು ಕೂಡ.

ಕಾಗದಪತ್ರದ ಕೆಲಸ ಬೇಗ ಶುರು ಮಾಡಿ. ಟ್ರಾನ್ಸ್‌ಕ್ರಿಪ್ಟ್‌ಗೆ (ಎಲ್ಲ ವಿಷಯಗಳ ಅಂಕದ ಅಧಿಕೃತ ಪಟ್ಟಿಗೆ) ಒಂದು ಕಚೇರಿಯಲ್ಲಿ ಎಷ್ಟು ಸಲ ಕೇಳಿದರೂ "ನಾಳೆ ಬನ್ನಿ" ಅಂತಲೇ ಆಯಿತು. ನಮ್ಮ ಕಡೆಯ ಇನ್ನೊಂದು ತೊಡಕು ಹೆಸರಿನದು. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಹಿಂದೆ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿದ ಹೆಸರು, ಡಿಗ್ರಿ ಸರ್ಟಿಫಿಕೇಟಿನಲ್ಲಿ ಮತ್ತೊಂದು. ಇವೆಲ್ಲ ಒಬ್ಬರೇ ಅಂತ ವಿಲ್ಲೇಜ್ ಆಫೀಸಿನಿಂದ ಸರ್ಟಿಫಿಕೇಟ್ ಸಿಗುತ್ತದೆ, ಕೇರಳ ಸರ್ಕಾರದ ಸೇವೆಗಳಿಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಕೊಟ್ಟರೆ ಆಯಿತು. ಅರ್ಜಿ ತುಂಬುವಾಗ ಎಲ್ಲ ಕಡೆ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಬರೆಯಿರಿ.

ಕೊನೆಯ ದಿನಾಂಕ ಹೆಚ್ಚಿನ ಕಡೆ ಡಿಸೆಂಬರ್ ಮೊದಲ ಹದಿನೈದು ದಿನದೊಳಗೆ. ಜನವರಿಯಲ್ಲಿ ಕೆಲವರು ಆನ್‌ಲೈನ್ ಇಂಟರ್‌ವ್ಯೂ ಮಾಡುತ್ತಾರೆ. ನನಗೆ ಒಬ್ಬರು ನೇರ ಕೇಳಿದರು: ನಿಮ್ಮ ಕರಾವಳಿಯ ವಿಷಯ ಅಂದ ಮೇಲೆ ದಕ್ಷಿಣ ಏಷ್ಯಾ ಇತಿಹಾಸಕ್ಕೆ ಯಾಕೆ ಹೋಗಬಾರದು? ಈ ಪ್ರಶ್ನೆ ನಮ್ಮ ಕಡೆಯಿಂದ ಹೋಗುವ ಎಲ್ಲರಿಗೂ ಬಂದೇ ಬರುತ್ತದೆ. ನಾನು ಹೇಳಿದೆ, ಹಡಗು ಕಳಿಸಿದ್ದು ಮಿಂಗ್ ಆಸ್ಥಾನ, ಖರ್ಚು ಅವರದು, ಬರೆದಿಟ್ಟದ್ದು ಅವರು, ಆಮೇಲೆ ನಿಲ್ಲಿಸಿದ್ದೂ ಅವರೇ. ಮೆಣಸು ಇಲ್ಲಿಂದ ಯಾಕೆ ಹೋಯಿತು ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲಿನ ರಾಜಕೀಯದಲ್ಲಿದೆ. ಇದಕ್ಕೆ ಅವರು ಮತ್ತೆ ಪ್ರಶ್ನೆ ಹಾಕಿದರು, ಅರ್ಧ ಗಂಟೆ ಅದರಲ್ಲೇ ಹೋಯಿತು. ಅಂಥ ಮಾತುಕತೆ ನನಗೆ ಬಹಳ ಖುಷಿ ಕೊಟ್ಟಿತು.

ಫಲಿತಾಂಶ ಫೆಬ್ರವರಿ, ಮಾರ್ಚಿನಲ್ಲಿ ಬರುತ್ತದೆ. ಇಲ್ಲ ಅಂದವರೂ ಇದ್ದರು, ಹೌದು ಅಂದವರೂ ಇದ್ದರು. ಅನುದಾನದ ಸೀಟು ಒಪ್ಪಿಕೊಳ್ಳಲು ಸಾಮಾನ್ಯವಾಗಿ ಏಪ್ರಿಲ್ 15ರ ತನಕ ಸಮಯ ಇರುತ್ತದೆ. ಮುಂಚೆಯೇ ಒತ್ತಾಯ ಮಾಡಿದರೆ ಗಾಬರಿ ಬೀಳಬೇಡಿ.

ಅಮೆರಿಕ ಒಂದೇ ದಾರಿ ಅಂತ ಅಲ್ಲ. ಜಪಾನ್ ವಿಷಯದವರು ಜಪಾನ್ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್ ನೋಡಿ, ರಾಯಭಾರ ಕಚೇರಿಯ ಮೂಲಕ ಅರ್ಜಿ, ಬರೆಯುವ ಪರೀಕ್ಷೆ, ಇಂಟರ್‌ವ್ಯೂ. ಕೊರಿಯಾ ಸರ್ಕಾರದ ಜಿಕೆಎಸ್ ಸ್ಕಾಲರ್‌ಶಿಪ್‌ನಲ್ಲಿ ಭಾಷೆ ಕಲಿಯಲೇ ಮೊದಲ ವರ್ಷ ಕೊಡುತ್ತಾರೆ. ದೇಶದೊಳಗೆ ದೆಹಲಿ ವಿಶ್ವವಿದ್ಯಾಲಯದ ಪೂರ್ವ ಏಷ್ಯಾ ಅಧ್ಯಯನ ವಿಭಾಗ, ಜೆಎನ್‌ಯು, 1937ರಲ್ಲಿ ಶಾಂತಿನಿಕೇತನದಲ್ಲಿ ಶುರುವಾದ ಚೀನಾ ಭವನ ಇವೆ. ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಬಂದರೆ ತಿಂಗಳಿಗೆ 37,000 ರೂಪಾಯಿ. ಮನೆಯವರನ್ನು ಬಿಟ್ಟು ದೂರ ಹೋಗಲಾರದವರಿಗೆ ಇದು ಎರಡನೇ ದರ್ಜೆಯ ದಾರಿ ಖಂಡಿತ ಅಲ್ಲ. ಯಾವ ದಾರಿ ಹಿಡಿದರೂ ಭಾಷೆಯನ್ನು ಡಿಗ್ರಿ ಮೊದಲ ವರ್ಷದಲ್ಲೇ ಶುರು ಮಾಡಿ. ಬಾಕಿ ಎಲ್ಲವನ್ನೂ ಒಂದು ವರ್ಷದಲ್ಲಿ ಜೋಡಿಸಬಹುದು, ಅದೊಂದನ್ನು ಆಗುವುದಿಲ್ಲ.