ಅವಳಿಯ ಪಕ್ಕದ ಜವಳಿ

ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಒಂದು ಸಂಜೆ ಡಿಟಿಪಿ ಮಾಡುವ ಹುಡುಗಿ ಹಾಳೆ ಹಿಡಿದು ಬಂದಳು. ‘ಅಕ್ಕಾ, ಅವಳಿ-ಜವಳಿ ಮಕ್ಕಳು ಅಂತಿದೆ. ಅವಳಿ ಗೊತ್ತು. ಈ ಜವಳಿ ಸುಮ್ನೆ ಪ್ರಾಸಕ್ಕಾ? ತೆಗೆದುಬಿಡ್ಲಾ?’

ಬೇಡ ಅಂದೆ. ಯಾಕೆ ಬೇಡ ಅನ್ನುವುದಕ್ಕೆ ಉತ್ತರ ಮಾತ್ರ ತಕ್ಷಣ ಹೊಳೆಯಲಿಲ್ಲ. ಬಸ್ಸಿನಲ್ಲಿ ಕೂತಾಗಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು.

ಮೊದಲು ಸಿಕ್ಕ ಸುಳಿವು ನಮ್ಮ ಬಾಯಿಮಾತಿನಲ್ಲೇ ಇತ್ತು. ಕಾಫಿ-ಗೀಫಿ, ಪುಸ್ತಕ-ಗಿಸ್ತಕ ಅನ್ನುತ್ತೇವಲ್ಲ, ಕನ್ನಡದಲ್ಲಿ ಸುಮ್ಮನೆ ಜೊತೆಗೆ ಬರುವ ಪದ ಸಾಮಾನ್ಯವಾಗಿ ‘ಗಿ’ ಹಿಡಿದು ಬರುತ್ತದೆ. ಹಾಗಾಗಿದ್ದರೆ ಅವಳಿ-ಗಿವಳಿ ಆಗಬೇಕಿತ್ತು. ಜವಳಿಗೆ ಸ್ವಂತ ಅರ್ಥ ಇರಬೇಕು ಅನ್ನಿಸಿತು.

ಮಾರನೆಯ ದಿನ 1894ರ ಕಿಟೆಲ್ ಕನ್ನಡ-ಇಂಗ್ಲಿಷ್ ನಿಘಂಟು ಬಿಡಿಸಿ ಕೂತೆ. ಸಂಸ್ಕೃತದ ‘ಯಮಳ’, ಅಂದರೆ ಜೋಡಿ, ಎರಡಕ್ಕೂ ಮೂಲ. ಬಾಲಕೃಷ್ಣ ಒರಳು ಎಳೆದುಕೊಂಡು ಹೋಗಿ ಉರುಳಿಸಿದ ಜೋಡಿ ಮತ್ತಿಮರಗಳಿಗೆ ಯಮಳಾರ್ಜುನ ಅನ್ನುವುದು ಇದೇ ಪದದಿಂದ. ಯಾತ್ರೆ ಜಾತ್ರೆಯಾದಂತೆ, ಯೋಗಿ ಜೋಗಿಯಾದಂತೆ ಮೊದಲ ‘ಯ’ ‘ಜ’ ಆಯಿತು. ಕುಮಾರ ಕುವರನಾದಂತೆ ‘ಮ’ ‘ವ’ ಆಯಿತು. ಯಮಳ ಜವಳವಾಗಿ, ಜವಳಿಯಾಯಿತು. ಇನ್ನೊಂದು ದಾರಿಯಲ್ಲಿ ‘ಯ’ ಉದುರಿಹೋಗಿ ಅವಳಿ. ಹಳಗನ್ನಡದ ‘ಅಮಳ್’ ಅನ್ನುವ ಅಪರೂಪದ ಪದವೂ ಇದೇ ಬಳಗದ್ದು.

ಎರಡು ದಾರಿ ಹಿಡಿದು ಬಂದ ಒಂದೇ ಪದವನ್ನು ನಮ್ಮ ಹಿರಿಯರು ಅಕ್ಕಪಕ್ಕ ಕೂರಿಸಿದ್ದಾರೆ. ಅವಳಿ-ಜವಳಿ ಅನ್ನುವ ಮಾತೇ ಅವಳಿ! ಅದು ಹೊಳೆದಾಗ ಒಬ್ಬಳೇ ಕೂತಿದ್ದರೂ ಗಟ್ಟಿಯಾಗಿ ಓದಿದೆ.

ಜವರಾಯನ ‘ಜವ’ ಯಮನೇ ಎಂದು ಗೊತ್ತಿತ್ತು. ಸಂಸ್ಕೃತದಲ್ಲಿ ‘ಯಮ’ ಎಂದರೂ ಅವಳಿ ಎಂದೇ ಅರ್ಥ. ಋಗ್ವೇದದಲ್ಲಿ ಯಮ-ಯಮಿ ಅಣ್ಣತಂಗಿ ಅವಳಿಗಳು. ನಕುಲ-ಸಹದೇವರನ್ನೂ ಮಹಾಭಾರತ ‘ಯಮೌ’ ಎನ್ನುತ್ತದೆ. ತೊಟ್ಟಿಲ ಪದವೂ ಸಾವಿನ ಪದವೂ ಒಂದೇ ಬೇರಿನವು ಎಂದು ಕಂಡು ಸ್ವಲ್ಪ ಹೊತ್ತು ಪುಟ ತಿರುಗಿಸಲಾಗಲಿಲ್ಲ.

ಬಟ್ಟೆಯ ಜವಳಿಯನ್ನು ಇದಕ್ಕೆ ಗಂಟುಹಾಕಲು ಹೋಗಲಿಲ್ಲ. ಪಂಚೆ ಜೋಡಿಯಾಗಿ ಬರುತ್ತದೆ ನಿಜ, ಆದರೆ ಉಚ್ಚಾರ ಒಂದೇ ಆದ ಮಾತ್ರಕ್ಕೆ ಮೂಲ ಒಂದೇ ಅನ್ನಬಾರದು.

ಮಧ್ಯಾಹ್ನ ಊಟದ ಹೊತ್ತಿಗೆ ಹುಡುಗಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಮಷೀನ್ ನೋಡಿಕೊಳ್ಳುವ ಅನಂತಪುರದ ಅಣ್ಣ ಡಬ್ಬಿ ಮುಚ್ಚಿ ಕೇಳಿದರು: ‘ಮೇಡಂ, ತೆಲುಗು ಪೇಪರ್‌ನಲ್ಲಿ ಜಮಿಲಿ ಎನ್ನಿಕಲು ಅಂತಾರಲ್ಲ, ಎರಡು ಚುನಾವಣೆ ಒಟ್ಟಿಗೆ. ಅದೂ ಇದೇನಾ?’

ಅದೂ ಇದೇ. ಅಲ್ಲಿ ‘ಮ’ ಉಳಿದುಕೊಂಡಿದೆ, ಅಷ್ಟೆ. ಕರಡಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಇರಲಿ’ ಎಂದು ಬರೆದು ಹುಡುಗಿಯ ಕೈಗೆ ಕೊಟ್ಟೆ.